ಜಾಗ ಬದಲಿಸಿ ಎಂದಿದ್ದೆ

ಇನ್ಸುಲಿನ್ ತೆಗೆದುಕೊಳ್ಳುವವರಿಗೆ ನಾವು ನರ್ಸುಗಳು ತಪ್ಪದೆ ಹೇಳುವ ಮಾತೊಂದಿದೆ: ‘ದಿನವೂ ಜಾಗ ಬದಲಿಸಿ ಚುಚ್ಚಿಕೊಳ್ಳಿ.’ ಹೊಸನಗರದ ಕಡೆಯ ಹಿರಿಯರೊಬ್ಬರಿಗೂ ಹೇಳಿದ್ದೆ. ಕೆಲವು ತಿಂಗಳ ನಂತರ ರಕ್ತದ ಸಕ್ಕರೆ 400 ದಾಟಿಸಿಕೊಂಡು ಮತ್ತೆ ವಾರ್ಡಿಗೆ ಬಂದರು. ಅಂಗಿ ಎತ್ತಿಸಿ ನೋಡಿದರೆ ಹೊಕ್ಕುಳಿನ ಬಲಕ್ಕೆ ಗೋಟಡಿಕೆಯಷ್ಟು ದಪ್ಪದ ಗಂಟು.

‘ಜಾಗ ಬದಲಿಸಲಿಲ್ಲವೇ ಗೌಡರೇ?’

‘ಬದಲಿಸುತ್ತಿದ್ದೇನಲ್ಲ ಸಿಸ್ಟರ್. ಬೆಳಿಗ್ಗೆ ಅಡುಗೆಮನೆಯಲ್ಲಿ, ರಾತ್ರಿ ಜಗಲಿಯಲ್ಲಿ.’

ಪಕ್ಕದ ಹಾಸಿಗೆಯವರು ನಕ್ಕರು. ನನಗೆ ನಗು ಬರಲಿಲ್ಲ. ಪಾಪ, ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದ್ದರು.

ಒಂದೇ ಕಡೆ ಚುಚ್ಚುತ್ತ ಹೋದರೆ ಚರ್ಮದಡಿಯ ಕೊಬ್ಬು ಗಂಟುಕಟ್ಟುತ್ತದೆ. ಅಲ್ಲಿ ನೋವು ಕಡಿಮೆ, ಹಾಗಾಗಿ ಸೂಜಿ ಮತ್ತೆ ಅಲ್ಲಿಗೇ ಹೋಗುತ್ತದೆ. ಆದರೆ ಗಂಟಿನೊಳಗೆ ಹೋದ ಔಷಧಿ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಗಂಟು ಬಿಟ್ಟು ಬೇರೆಡೆ ಚುಚ್ಚಲು ಶುರುಮಾಡಿದಾಗಲೂ ಹುಷಾರಾಗಿರಬೇಕು. ಅದೇ ಡೋಸ್ ಅಲ್ಲಿ ಪೂರ್ತಿ ಕೆಲಸ ಮಾಡಿ ಸಕ್ಕರೆ ತೀರಾ ಇಳಿದುಬಿಡಬಹುದು. ಡೋಸ್ ಎಷ್ಟಿರಬೇಕೆಂದು ವೈದ್ಯರನ್ನು ಮೊದಲೇ ಕೇಳಬೇಕು.

ಕಳೆದ ಸಲ ಜಾಗ ಬದಲಿಸುವ ಪಾಠ ನಾನು ಮಾಡಿದ್ದು ಡಿಸ್ಚಾರ್ಜ್ ದಿನ. ಅವರು ಕೈಚೀಲ ಹಿಡಿದು, ಬಸ್ಸಿಗೆ ಹೊತ್ತಾಯಿತೆಂದು ಬಾಗಿಲು ನೋಡುತ್ತ ನಿಂತಿದ್ದರು. ‘ಅರ್ಥವಾಯಿತೇ?’ ಎಂದೆ. ‘ಹ್ಞೂಂ’ ಎಂದರು. ನಮ್ಮ ಮಲೆನಾಡಿನ ‘ಹ್ಞೂಂ’ಗೆ ‘ತಿಳಿಯಿತು’ ಎನ್ನುವುದಕ್ಕಿಂತ ‘ನಿಮಗೇಕೆ ಸುಮ್ಮನೆ ತೊಂದರೆ’ ಎಂಬ ಅರ್ಥವೇ ಹೆಚ್ಚು.

ಈಗ ಆ ಪ್ರಶ್ನೆಯನ್ನೇ ಬಿಟ್ಟಿದ್ದೇನೆ. ದಾಖಲಾಗಿ ಸ್ವಲ್ಪ ಸುಧಾರಿಸಿಕೊಂಡ ಕೂಡಲೇ ಸಿರಿಂಜ್ ಅವರ ಕೈಗೇ ಕೊಟ್ಟು ‘ಮನೆಯಲ್ಲಿ ಹೇಗೆ ಮಾಡುತ್ತೀರಿ, ತೋರಿಸಿ’ ಎನ್ನುತ್ತೇನೆ. ಆಗ ಹೊರಬೀಳುವ ಕಥೆಗಳೇ ಬೇರೆ. 40ರ ಬಾಟಲಿಗೆ, ಅಂದರೆ ಮಿಲಿಲೀಟರಿಗೆ 40 ಯೂನಿಟ್ ಇನ್ಸುಲಿನ್ ಇರುವುದಕ್ಕೆ, ಕೆಂಪು ಮುಚ್ಚಳದ ಸಿರಿಂಜ್ ಬೇಕು; ಅಂಗಡಿಯಲ್ಲಿ ಕೊಟ್ಟರೆಂದು 100ರ ಬಾಟಲಿಯ ಸಿರಿಂಜನ್ನು ತಂದವರಿದ್ದಾರೆ. ಅದರಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಹೋಗುವುದು 8 ಯೂನಿಟ್ ಮಾತ್ರ! ಮಳೆಗಾಲದಲ್ಲಿ ಕರೆಂಟ್ ಹೋಗುತ್ತದೆಂದು ಬಾಟಲಿಯನ್ನು ಫ್ರೀಜರಿಗೆ ಹಾಕಿದವರೂ ಇದ್ದಾರೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಬಳಸುವಂತಿಲ್ಲ, ಎಸೆಯಬೇಕು. ಇನ್ನು ಕಾಲಿನ ವಿಷಯ. ಬರಿಗಾಲಲ್ಲಿ ತೋಟಕ್ಕಿಳಿಯಬೇಡಿ ಎಂದರೆ ನಕ್ಕು ಸುಮ್ಮನಾಗುತ್ತಾರೆ. ಮುಳ್ಳು ಚುಚ್ಚಿದ್ದು ಸಕ್ಕರೆ ಕಾಯಿಲೆಯಿಂದ ಜೋಮುಹಿಡಿದ ಕಾಲಿಗೆ ತಿಳಿಯದು, ರಾತ್ರಿ ಮಲಗುವ ಮುನ್ನ ಕಣ್ಣಾದರೂ ಅಂಗಾಲನ್ನು ನೋಡಬೇಡವೇ?

ಇಷ್ಟಕ್ಕೆಲ್ಲ ಪುರುಸೊತ್ತೆಲ್ಲಿದೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಸುಳ್ಳಲ್ಲ. ಒಂದು ಪಾಳಿಯಲ್ಲಿ ನೀರು ಕುಡಿಯಲೂ ಮರೆಯುವ ದಿನಗಳಿವೆ. ಆದರೆ ಅದೇ ರೋಗಿ ಮರಳಿ ಬಂದಾಗ ಡ್ರಿಪ್ ಹಾಕಿ, ಗಂಟೆಗೊಮ್ಮೆ ಸಕ್ಕರೆ ನೋಡಲು ಹೇಗೋ ಸಮಯ ಹೊಂದಿಸುತ್ತೇವಲ್ಲ, ಅದರಲ್ಲಿ ಹತ್ತು ನಿಮಿಷ ಮೊದಲೇ ಕೊಟ್ಟಿದ್ದರೆ?

ಈ ಸಲ ಗೌಡರು ಹೊಟ್ಟೆಯ ಮೇಲೆ ಬೆರಳಾಡಿಸಿ ನಾಲ್ಕು ಪಾಲು ಮಾಡಿ ತೋರಿಸಿದರು. ವಾರಕ್ಕೊಂದು ಪಾಲು, ಚುಚ್ಚಿನಿಂದ ಚುಚ್ಚಿಗೆ ಒಂದು ಬೆರಳಿನ ಅಂತರ. ಅವರ ಹೆಂಡತಿ ಎಲ್ಲವನ್ನೂ ಗಮನವಿಟ್ಟು ಕೇಳಿ, ಕೊನೆಗೆ ಮೆಲ್ಲಗೆ ವಿಚಾರಿಸಿದರು: ‘ಹಾಗಾದರೆ ಈ ಮಳೆಯಲ್ಲಿ ರಾತ್ರಿ ಜಗಲಿಗೆ ಹೋಗುವುದು ಬೇಡವೇ ಸಿಸ್ಟರ್?’