ಮೀನೆಲ್ಲಿ?

ಬೆಳಗ್ಗೆ ಕೆಳಗಿನ ಮನೆ ಆಂಟಿ ಮೊಸರಿಗೆ ಹೆಪ್ಪು ಕೇಳ್ಕೊಂಡು ಬಂದವ್ರು ಹಾಲ್‌ನಲ್ಲೇ ನಿಂತು, ಗಾಜಿನ ತೊಟ್ಟಿ ಕಡೆ ಬಗ್ಗಿ, ಎಡಕ್ಕೊಂದ್ಸಲ ಬಲಕ್ಕೊಂದ್ಸಲ ನೋಡಿ, ಕೊನೆಗೆ ತೊಟ್ಟಿ ಹಿಂದಿನ ಗೋಡೆಗೂ ಇಣುಕಿ ಕೇಳಿದ್ರು, "ಮೀನೆಲ್ಲಪ್ಪಾ?" ಇದು ಇಪ್ಪತ್ತಮೂರನೇ ಸಲ. ಹೌದು, ಲೆಕ್ಕ ಇಟ್ಟಿದೀನಿ. ಗ್ಯಾಸ್ ಸಿಲಿಂಡರ್ ತಂದ ಹುಡುಗನೂ ಕೇಳಿದಾನೆ, ಮೀಟರ್ ರೀಡಿಂಗಿಗೆ ಬಂದೋನೂ ಕೇಳಿದಾನೆ.

ಕೇಳೋರದ್ದೇನು ತಪ್ಪು ಅಂತ ನನ್ ಹೆಂಡ್ತಿ. ಸಮುದ್ರದ ಮೀನಿಗೆ ಅಂತ ಎರಡಡಿ ತೊಟ್ಟಿ, ಹತ್ರತ್ರ ಅರವತ್ತು ಲೀಟರ್ ನೀರು, ನೀಲಿ ಲೈಟು, ಗುರ್ ಅನ್ನೋ ಪಂಪು, ಮಧ್ಯ ಒಂದು ಗುಡ್ಡೆ ಕಲ್ಲು. ಆರು ವಾರದಿಂದ ಇಷ್ಟೇ. ನನ್ನ ಕಣ್ಣಿಗೆ ಅದು ಹವಳದ ದಿಬ್ಬ, ಬೇರೆಯವ್ರಿಗೆ ನೆನೆಹಾಕಿರೋ ಜಲ್ಲಿ. ಮೀನು ಬರೋಕ್ಮುಂಚೆ ಬ್ಯಾಕ್ಟೀರಿಯಾ ಬಂದು ಸಂಸಾರ ಹೂಡ್ಬೇಕು, ಮೀನಿನ ಹೇಸಿಗೆಯ ಅಮೋನಿಯಾನ ಒಂದು ಜಾತಿ ನೈಟ್ರೈಟ್ ಮಾಡುತ್ತೆ, ಅದನ್ನ ಇನ್ನೊಂದು ನೈಟ್ರೇಟ್ ಮಾಡುತ್ತೆ ಅಂತ ಮೊದಮೊದಲು ಹೇಳ್ತಿದ್ದೆ. ಈಗ "ನಾಳೆ ಬರುತ್ತೆ ಆಂಟಿ" ಅಂತೀನಿ.

ಈ ಆರು ವಾರದಲ್ಲಿ ನನಗೊಂದು ದೊಡ್ಡ ಸತ್ಯ ಹೊಳೆದಿದೆ, ಅದನ್ನ ಹೇಳೋಕೇ ಕೂತಿದೀನಿ, ಆದ್ರೆ ಮೊದ್ಲು ಉಪ್ಪಿನ ಕತೆ ಮುಗಿಸ್ಬಿಡ್ತೀನಿ.

ಲೀಟರ್‌ಗೆ 35 ಗ್ರಾಂ ಲೆಕ್ಕದಲ್ಲಿ ಎರಡು ಕೆಜಿ ಚಿಲ್ರೆ ಉಪ್ಪನ್ನ ನಾನು ಆರ್‌ಓ ನೀರಿಗೆ ಸುರಿದು ಕದಡ್ತಾ ಇದ್ರೆ ಅಮ್ಮ ಬಾಗಿಲಲ್ಲಿ ನಿಂತು ನೋಡಿ, "ನಮ್ಮೂರಲ್ಲಿ ಮೀನು ಸತ್ಮೇಲೆ ಉಪ್ಪು ಹಾಕ್ತಿದ್ವಿ ಕಣೋ" ಅಂದ್ರು. ನಮ್ಮೂರು ಅಂದ್ರೆ ಕುಮಟಾ ಕಡೆ. ಸುಮ್ನಿರ್ದೆ ಅಲ್ಲಿರೋ ನನ್ನ ಸೋದರಮಾವನಿಗೆ ಫೋನ್ ಹಚ್ಚಿ ಹೇಳ್ಬಿಟ್ರು. ಮಾವನಿಗೆ ನಿಜವಾಗ್ಲೂ ಬೇಜಾರಾಯ್ತು. ಉಪ್ಪನ್ನ ದುಡ್ಡು ಕೊಟ್ಟು ಆನ್‌ಲೈನಲ್ಲಿ ತರಿಸೋದಾ? "ಸಾಣಿಕಟ್ಟೆ ಉಪ್ಪು ಒಂದು ಚೀಲ ಕಳಿಸ್ತೆ ತಮಾ, ತಗಂಡು ಸುರಿ." ಅದಾಗಲ್ಲ ಮಾವ, ಗದ್ದೆಯಲ್ಲಿ ಉಪ್ಪು ಕಟ್ಟೋಕ್ಮುಂಚೇನೇ ಕ್ಯಾಲ್ಸಿಯಂ ಸುಮಾರಷ್ಟು ತಳಕ್ಕೆ ಕೂತಿರುತ್ತೆ, ಮೆಗ್ನೀಸಿಯಂ ಕೊನೆಗೆ ಉಳಿಯೋ ಕಹಿನೀರಲ್ಲಿ ಹೊರಟೋಗುತ್ತೆ, ಹವಳಕ್ಕೆ ಇವೆರಡೂ ಬೇಕು ಅಂತ ವಿವರಿಸ್ದೆ. ಆ ಕಡೆಯಿಂದ ಒಂದು ನಿಟ್ಟುಸಿರು. 1930ರಲ್ಲಿ ಅಂಕೋಲೆ ಜನ ಕಡಲ ನೀರಿಂದ ಉಪ್ಪು ಮಾಡಿ ಜೈಲಿಗೆ ಹೋದ್ರು, ಪಕ್ಕದ ತಾಲ್ಲೂಕಿನ ಈ ಮೊಮ್ಮಗ ಉಪ್ಪಿಂದ ಕಡಲು ಮಾಡ್ತಾನಂತೆ ಅಂತ ಆ ನಿಟ್ಟುಸಿರಿನ ಅರ್ಥ ಇರ್ಬೇಕು.

ನಾಲ್ಕೇ ದಿನಕ್ಕೆ ಮಾವ ಹೊರಟ್ರು, ರಾತ್ರಿ ಬಸ್ಸಲ್ಲಿ, ಇಪ್ಪತ್ತು ಲೀಟರಿನ ಬಿಳಿ ಕ್ಯಾನಲ್ಲಿ ಸಮುದ್ರ ತುಂಬ್ಕೊಂಡು. ಕಂಡಕ್ಟರ್ ಕ್ಯಾನ್ ನೋಡಿ ಏನಿದು ಅಂದ. ಸಮುದ್ರದ ನೀರು. ಸರಿಯಾಗಿ ಹೇಳಿ ಯಜಮಾನ್ರೇ, ಸೀಮೆಎಣ್ಣೆ ಗೀಮೆಎಣ್ಣೆ ಆದ್ರೆ ಹತ್ಸಲ್ಲ. ಮಾವ ಮುಚ್ಚಳ ತೆಗೆದು ಮೂಸಿಸಿದ್ರು, ಅವನು ಬೆರಳದ್ದಿ ನಾಲಿಗೆಗೆ ಇಟ್ಕೊಂಡು ಮುಖ ಹುಳ್ಳಗೆ ಮಾಡಿ ಒಂದು ಅರ್ಧ ಟಿಕೆಟ್ ಹರಿದ, ಹಂಗಾಗಿ ಕಡಲು ನನ್ನ ಮಾವನ ಪಕ್ಕದಲ್ಲಿ ಅರ್ಧ ಟಿಕೆಟಿನ ಮಗುವಾಗಿ ಹೊನ್ನಾವರ ದಾಟಿ, ಘಟ್ಟ ಹತ್ತಿ, ಸಾಗರ ಅನ್ನೋ ಊರನ್ನೂ ದಾಟ್ತು. ಶಿವಮೊಗ್ಗದಲ್ಲಿ ಹತ್ತಿದ ಅಜ್ಜಿಯೊಬ್ರು ಎಲ್ಲಿಂದ ಬರ್ತಿದೀರಾ ಅಂದ್ರಂತೆ, ಗೋಕರ್ಣದ ಹತ್ರ ಅಂದಿದಾರೆ ಮಾವ, ಅಷ್ಟೇ, ಅಜ್ಜಿ ಕೈ ಮುಗಿದು "ತೀರ್ಥಾನಾ? ಒಂಚೂರು ಕೊಡಿ" ಅಂತ ಅಂಗೈ ಚಾಚ್ಬಿಟ್ರು. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ ಅಂತಾರೆ ಮಾವ. ಅಜ್ಜಿ ಕಣ್ಣಿಗೊತ್ಕೊಂಡು ತಲೆಗೆ ಚಿಮುಕಿಸ್ಕೊಂಡ್ರು, ಅದನ್ನ ನೋಡಿ ಹಿಂದಿನ ಸೀಟವ್ರು, ಅವರ ಹಿಂದಿನವ್ರು, ತಿಪಟೂರು ಬರೋಷ್ಟರಲ್ಲಿ ಅರ್ಧ ಬಸ್ಸು ತೀರ್ಥ ತಗೊಂಡಾಗಿತ್ತು, ಡ್ರೈವರ್ ಸಮೇತ. ಯಾರೋ ಒಬ್ರು ಹತ್ತು ರೂಪಾಯಿ ಕಾಣಿಕೆನೂ ಕೊಟ್ರಂತೆ. ಅದನ್ನ ಮಾವ ತಗೊಂಡ್ರಾ ಅಂದ್ರೆ ಮಾತು ಬದಲಾಯಿಸ್ತಾರೆ.

ಬೆಂಗಳೂರಲ್ಲಿ ಕ್ಯಾನ್ ಇಳಿಸಿದ ತಕ್ಷಣ, ಕಾಫಿಗೂ ಮುಂಚೆ, ನಾನು ನೀರಲ್ಲಿ ಎಷ್ಟು ಉಪ್ಪಿದೆ ಅಂತ ತೋರ್ಸೋ ರಿಫ್ರ್ಯಾಕ್ಟೋಮೀಟರ್ ತಂದು ಒಂದು ಹನಿ ಇಟ್ಟು ಬೆಳಕಿಗೆ ಹಿಡಿದೆ. ಮೂವತ್ತೈದು ಇರ್ಬೇಕಾದ್ದು ಹದಿನೈದು. ಇನ್ನೊಂದು ಹನಿ. ಹದಿನೈದೇ. "ಎಲ್ಲಿ ತುಂಬಿದ್ದು ಮಾವ?" ಅಘನಾಶಿನಿ ಸಮುದ್ರಕ್ಕೆ ಸೇರ್ತದಲ್ಲ, ಅಲ್ಲೇ, ದೋಣಿಯಿಂದ. ಆಗಸ್ಟ್ ತಿಂಗಳು. ಘಟ್ಟದ ಮೇಲೆ ಬಿದ್ದ ಮಳೆಯೆಲ್ಲಾ ಹೊಳೆಯಲ್ಲಿ ಇಳಿದು ಬರೋ ಹೊತ್ತು. ಅರ್ಧಕ್ಕಿಂತ ಜಾಸ್ತಿ ಮಳೆನೀರನ್ನೇ ಮಾವ ತೊಡೆಗಾನಿಸ್ಕೊಂಡು ತಂದಿದ್ರು. ಹೇಳೋಕೆ ಮನಸ್ಸಾಗ್ಲಿಲ್ಲ. "ಬಹಳ ಚೆನ್ನಾಗಿದೆ" ಅಂದೆ. ಅವರು ಮಲಗಿದ್ಮೇಲೆ ಅದನ್ನ ಬಕೆಟ್ಟಿಗೆ ಸುರಿದು ಯುಟಿಲಿಟಿಯಲ್ಲಿ ವಾಷಿಂಗ್ ಮಷಿನ್ ಹಿಂದೆ ಇಟ್ಟೆ.

ಕಲ್ಲಿನ ಕತೆಗೆ ಮಾತ್ರ ನನಗೆ ಈಗ್ಲೂ ಸಿಟ್ಟು ಬರುತ್ತೆ. ಅಂಗಡಿಯವನು ಕೌಂಟರ್ ಮೇಲೆ ಬಗ್ಗಿ, "ಒರಿಜಿನಲ್ ಕೋರಲ್ ಕಲ್ಲು ಒಳಗಿದೆ ಸಾರ್, ನಿಮಗಾದ್ರೆ ಕೊಡ್ತೀನಿ" ಅಂದ, ನಾನೇನೋ ಅವನ ಷಡ್ಕನ ಥರ. ಗಟ್ಟಿ ಹವಳ ಪೂರಾ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲನೇ ಷೆಡ್ಯೂಲಲ್ಲಿದೆ, ಹುಲಿ ಇರೋ ಜಾಗದಲ್ಲೇ, ಸತ್ತ ತುಂಡೂ ಮಾರೋ ಹಾಗಿಲ್ಲ. ಹಂಗಂತ ಹೇಳಿದ್ದಕ್ಕೆ "ಎಲ್ರೂ ತಗೋತಾರೆ ಸಾರ್" ಅಂತ ನನ್ನನ್ನೇ ಪೆದ್ದನ ಥರ ನೋಡ್ದ. ಎಲ್ರೂ ತಗೊಂಡ್ರೆ ನೇತ್ರಾಣಿ ದ್ವೀಪದ ಹವಳದಲ್ಲಿ ಉಳಿಯೋದೇನು, ಸ್ಕೂಬಾದವ್ರ ಗಾಳಿಗುಳ್ಳೆನಾ? ಸೆರಾಮಿಕ್ ಕಲ್ಲು ತಂದೆ. ಅದರಲ್ಲಿ ಜೀವ ಅನ್ನೋದು ಸೊನ್ನೆ, ಅದಕ್ಕೇ ಈ ಆರು ವಾರ. ಬ್ಯಾಕ್ಟೀರಿಯಾಗೆ ಊಟ ಅಂತ ಕೆಮಿಸ್ಟ್ರಿ ಮೇಷ್ಟ್ರಾಗಿರೋ ಗೆಳೆಯ ಚಿಟಿಕೆ ಅಮೋನಿಯಂ ಕ್ಲೋರೈಡ್ ಕೊಟ್ಟ. ಕಲಾಯಿ ಹಾಕೋರು ಬಳಸ್ತಾರಲ್ಲ, ನವಸಾಗರ, ಅದೇ. ಹೆಸರು ಇಟ್ಟೋರಿಗೆ ನನ್ನ ತೊಟ್ಟಿ ವಿಷಯ ಮೊದಲೇ ಗೊತ್ತಿತ್ತಾ ಏನೋ.

ಹಾಂ, ಆ ಸತ್ಯ. ಏನಂದ್ರೆ... ತಡೀರಿ, ತೊಟ್ಟಿ ನೀರು ಗೆರೆಗಿಂತ ಕೆಳಗಿಳಿದಿದೆ. ದಿನಾ ಮುಕ್ಕಾಲು ಲೀಟರ್ ಆವಿಯಾಗುತ್ತೆ, ಹೋಗೋದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತೆ, ಸಿಹಿನೀರು ಸುರೀದಿದ್ರೆ ಸಂಜೆಗೆ ಗಟ್ಟಿ.

ಸಿಹಿನೀರಿನ ಕ್ಯಾನ್ ಯುಟಿಲಿಟಿಯಲ್ಲಿರೋದು. ತರೋಕೆ ಹೋದಾಗ ವಾಷಿಂಗ್ ಮಷಿನ್ ಹಿಂದಿನ ಬಕೆಟ್ ಕಾಣಿಸ್ತು. ತಿಂಗಳಾಗಿದೆ, ನಾಲ್ಕು ಬೆರಳು ಇಳಿದಿದೆ. ಸುಮ್ನೆ ಒಂದು ಹನಿ ತೆಗೆದು ಬೆಳಕಿಗೆ ಹಿಡಿದೆ. ಇಪ್ಪತ್ತೊಂದು.

ರಾತ್ರಿ ಮಾವ ಫೋನ್ ಮಾಡಿದ್ರು. "ನನ್ನ ನೀರು ಹ್ಯಾಂಗದೆ ತಮಾ?"

"ದಿನದಿಂದ ದಿನಕ್ಕೆ ಸುಧಾರಿಸ್ತಾ ಇದೆ ಮಾವ."

"ಮತ್ತೆ ಮೀನು?"

ಇಪ್ಪತ್ನಾಲ್ಕು.