ನಾಲ್ಕು ರಿಸೀವರ್ ಸರಿ, ಗಡಿಯಾರ ಓಡಿಸೋರು ಯಾರು?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ನಾಲ್ವರು ರಿಸೀವರ್‌ಗಳು, ಅಂದರೆ ಎಸೆದ ಚೆಂಡು ಹಿಡಿಯುವವರು, ಸಾಲಾಗಿ ನಿಂತರೆ ಸಾಕು, "ಇನ್ನು ಪಾಸೇ ಬಿಡಿ" ಅಂದುಬಿಡುತ್ತಾರೆ. ನನಗೇನೋ ಈ ಜೋಡಣೆಯ ಮಜಾ ಇರೋದು ಚೆಂಡು ಹಿಡಿದು ಓಡೋದರಲ್ಲೇ ಅನ್ನಿಸುತ್ತದೆ.

ಲೆಕ್ಕ ನೋಡಿ. 11 ಜನರಲ್ಲಿ ಐವರು ಎದುರಾಳಿಯನ್ನು ತಡೆಯುವ ಲೈನ್‌ಮನ್, ಒಬ್ಬ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್. ಉಳಿದ ಐವರಲ್ಲಿ ನಾಲ್ವರನ್ನು 53 ಗಜ ಅಗಲದ ಮೈದಾನದಲ್ಲಿ ದೂರದೂರ ನಿಲ್ಲಿಸಿದರೆ ಎದುರಾಳಿಯೂ ಅವರ ಮುಂದೆ ಜನ ನಿಲ್ಲಿಸಲೇಬೇಕು. ಅವರ ಕಡೆ ನಡುವೆ ಕಾಯುವ ದಢೂತಿ ಲೈನ್‌ಬ್ಯಾಕರ್ ಬೆಂಚಿಗೆ ಹೋಗುತ್ತಾನೆ, ರಿಸೀವರ್ ಕಾಯುವ ಹಗುರ ಮೈಯ ಕಾರ್ನರ್‌ಬ್ಯಾಕ್ ಬರುತ್ತಾನೆ. ನಡುವೆ ಎದುರಾಳಿಯ ಆರು ಜನ ಉಳಿದರು ಅಂದುಕೊಳ್ಳಿ. ಐವರನ್ನು ಲೈನ್‌ಮನ್‌ಗಳು ತಡೆಯುತ್ತಾರೆ. ಆರನೆಯವನು ಒಳಗಿನ ರಿಸೀವರ್ ಕಡೆ ಒಂದು ಹೆಜ್ಜೆ ಸರಿದನೋ, ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ನಡುವೆ ನುಗ್ಗುತ್ತಾನೆ. ಸರಿಯದೆ ಅಲ್ಲೇ ನಿಂತನೋ, ಪಾಸ್ ಆ ರಿಸೀವರ್‌ಗೆ. ಪಾಪ, ಅವನು ಏನು ಮಾಡಿದರೂ ತಪ್ಪೇ.

ಆದರೆ ಟೈಟ್ ಎಂಡ್, ಅಂದರೆ ಲೈನ್ ಪಕ್ಕ ನಿಂತು ತಡೆಯಲೂ ಪಾಸ್ ಹಿಡಿಯಲೂ ಬಲ್ಲವನು, ಇಲ್ಲದ್ದಕ್ಕೆ ಬೆಲೆ ತೆರಬೇಕು. ಅಂಚಿನಿಂದ ನುಗ್ಗಿ ಬರುವವನನ್ನು ತಡೆಯಲು ಜನ ಸಾಲಲ್ಲ. ಇನ್ನೊಂದು ತೊಂದರೆ ಗೆಲ್ಲುತ್ತಿರುವಾಗ, ಆಟದ ಸಮಯ ಬೇಗ ಮುಗಿಯಲಿ ಅನ್ನಿಸುವಾಗ. ಮೈದಾನದೊಳಗೆ ಓಟಗಾರನನ್ನು ಕೆಡವಿದರೆ ಗಡಿಯಾರ ಓಡುತ್ತಲೇ ಇರುತ್ತದೆ. ಪಾಸ್ ನೆಲಕ್ಕೆ ಬಿದ್ದರೆ ನಿಲ್ಲುತ್ತದೆ.

1990ರ ದಶಕದ ಮೊದಲ ವರ್ಷಗಳಲ್ಲಿ ಹ್ಯೂಸ್ಟನ್ ಆಯಿಲರ್ಸ್ ತಂಡ ನಾಲ್ವರು ರಿಸೀವರ್‌ಗಳ 'ರನ್ ಅಂಡ್ ಶೂಟ್' ಪದ್ಧತಿ ನಂಬಿಕೊಂಡಿತ್ತು. ಡಿಫೆಂಡರ್ ನಿಂತ ಜಾಗ ನೋಡಿ ರಿಸೀವರ್ ಓಡುತ್ತಲೇ ದಾರಿ ಬದಲಿಸಬೇಕು, ಕ್ವಾರ್ಟರ್‌ಬ್ಯಾಕ್ ವಾರನ್ ಮೂನ್ ಅದನ್ನೇ ಊಹಿಸಿ ಎಸೆಯಬೇಕು. ನೋಡೋಕೆ ಎಷ್ಟು ಚೆಂದ! ಆದರೆ 1993ರ ಜನವರಿ 3ರಂದು ಬಫಲೋ ತಂಡದ ವಿರುದ್ಧ 35-3 ಮುಂದಿದ್ದವರು 41-38ರಲ್ಲಿ ಸೋತರು. ಬೈಗುಳವೆಲ್ಲ ಈ ಪದ್ಧತಿಗೇ ಬಿತ್ತು. ಗಡಿಯಾರ ಸವೆಸಲು ಬರಲಿಲ್ಲ ಅನ್ನೋದು ನಿಜ, ಆದರೆ 41 ಅಂಕ ಬಿಟ್ಟುಕೊಟ್ಟ ಡಿಫೆನ್ಸ್‌ಗೆ ಏನನ್ನೋಣ?

ಈ ಜಗಳ ಎಲ್ಲಿಗೆ ಹೋಯ್ತು ಗೊತ್ತಾ? 1994ರ ಜನವರಿ 2ರಂದು ಹ್ಯೂಸ್ಟನ್ ತಂಡದ ಡಿಫೆನ್ಸ್ ಕೋಚ್ ಬಡ್ಡಿ ರಯಾನ್, ಅದೇ ತಂಡದ ಆಫೆನ್ಸ್ (ದಾಳಿ ಆಟದ) ಕೋಚ್ ಕೆವಿನ್ ಗಿಲ್‌ಬ್ರೈಡ್ ಮುಖಕ್ಕೆ ಗುದ್ದಲು ಕೈ ಬೀಸಿದ. ಟಿವಿ ಕ್ಯಾಮೆರಾ ಮುಂದೆಯೇ! ಪಾಸ್ ಮಾಡಿ ಮಾಡಿ ನನ್ನ ಹುಡುಗರನ್ನು ಮತ್ತೆ ಮತ್ತೆ ಮೈದಾನಕ್ಕೆ ಇಳಿಸ್ತಾನೆ ಅನ್ನೋದು ರಯಾನ್ ಸಿಟ್ಟು.

2019ರಲ್ಲಿ ಅರಿಜೋನಾ ತಂಡದ ಕೋಚ್ ಕ್ಲಿಫ್ ಕಿಂಗ್ಸ್‌ಬರಿ ಕೂಡ ನಾಲ್ವರು ರಿಸೀವರ್‌ಗಳಿಂದ ಶುರು ಮಾಡಿ, ಅದೇ ಸೀಸನ್‌ನಲ್ಲಿ ಟೈಟ್ ಎಂಡ್‌ಗಳನ್ನು ಜಾಸ್ತಿ ಬಳಸತೊಡಗಿದ. ಈಗ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಮೂವರು ರಿಸೀವರ್, ಒಬ್ಬ ಟೈಟ್ ಎಂಡ್ ಅನ್ನೋದೇ ಮಾಮೂಲು. ನನ್ನ ಮತವೂ ಅದಕ್ಕೇ. ಆದರೆ ಹಿಂದೆ ಬಿದ್ದಾಗ ನಾಲ್ಕನೆಯವನನ್ನು ಕರೆಯದ ಕೋಚ್ ಕಂಡರೆ ಮಾತ್ರ ನನಗೆ ಮೈ ಉರಿಯುತ್ತದೆ.