ಎಡಗಡೆ ಕುದುರೆ

ಸೆಪ್ಟೆಂಬರ್ 3ಕ್ಕೆ ಕೈಲ್ ಪೊಳ್ದ್, ನಾವು ಕೊಡವರು ಆಯುಧ ಪೂಜಿಸುವ ಹಬ್ಬ. ಅದಕ್ಕೆ ಮೊದಲು ಕೋವಿ ಇಳಿಸಿ ಒರೆಸಬೇಕು. ನಮ್ಮ ಮನೆಯಲ್ಲಿ ಒರೆಸುವವನು ನಾನೊಬ್ಬ, ಹೇಗೆ ಒರೆಸಬೇಕು ಅಂತ ಹೇಳುವವರು ಉಳಿದ ಎಲ್ಲರೂ. ಈ ಸಲ ಗೋಡೆಯಿಂದ ಇಳಿಸುವಾಗ ಮರದ ಹಿಡಿ ನನ್ನ ಕೈಯಲ್ಲೇ ಉಳಿಯಿತು. ಜೋಡಿ ನಳಿಗೆ ಹೋಗಿ ಜಗಲಿಯ ಕೆಂಪು ನೆಲದ ಮೇಲೆ ಬಿತ್ತು. ಹೆಂಡತಿ ಓಡಿ ಬಂದು ಮೊದಲು ನೋಡಿದ್ದು ನೆಲವನ್ನು.

ಹಿಡಿಯ ಕುತ್ತಿಗೆ ಸೀಳಿದ್ದು ಹೊಸ ಸಂಗತಿಯಲ್ಲ. ಅಜ್ಜ ಅದಕ್ಕೆ ತಾಮ್ರದ ತಂತಿ ಬಿಗಿದು ಸುತ್ತಿದ್ದರು. ಹಸಿರು ಕಟ್ಟಿದ ಆ ತಂತಿಯೇ ಇಷ್ಟು ವರ್ಷ ಕೋವಿಯನ್ನು ಕೋವಿಯಾಗಿ ಉಳಿಸಿತ್ತು. ಈಗ ಅದೂ ಕೈಕೊಟ್ಟಿತು.

ಸುದ್ದಿ ತಿಳಿದ ಬಾವ ಫೋನ್ ಮಾಡಿದರು. "ಬಾವ, ಅದು ಆಂಟಿಕ್. ಎಷ್ಟಾದ್ರೂ ಆಗ್ಲಿ, ರಿಪೇರಿ ಮಾಡ್ಸಿ." ಎಷ್ಟಾದರೂ ಆಗಲಿ ಅನ್ನುವವರು ಯಾವತ್ತೂ ಫೋನಿನ ಆ ಕಡೆಯೇ ಇರುತ್ತಾರೆ. ಕೊಡಗಿಗೆ ಹೋಂಸ್ಟೇ ಬಂದಮೇಲೆ ಆಂಟಿಕ್ ಆಗದ ವಸ್ತುವೇ ಇಲ್ಲ. ಒರಳು ಆಂಟಿಕ್, ಒನಕೆ ಆಂಟಿಕ್, ಹಂಡೆಯೊಳಗೆ ಕ್ರೋಟನ್ ಗಿಡ. ನನ್ನನ್ನೂ ಜಗಲಿಯಲ್ಲಿ ಕೂರಿಸಿ ಫೋಟೋ ತೆಗೆಯುವ ದಿನ ದೂರವಿಲ್ಲ.

ಆದರೂ ಗೋಣಿಯಲ್ಲಿ ಸುತ್ತಿ, ಕಾಗದಪತ್ರ ಹಿಡಿದು ರಿಪೇರಿಯವರ ಹತ್ತಿರ ಹೋದೆ. ಅವರು ನಳಿಗೆಯನ್ನು ಒಂದು ದಾರಕ್ಕೆ ತೂಗುಹಾಕಿ ಬೆರಳ ಗೆಣ್ಣಿನಿಂದ ಬಡಿದರು. ಗಂಟೆಯ ಹಾಗೆ ಟಣ್ ಅನ್ನಬೇಕಂತೆ. ನಮ್ಮದು ಎಳೆ ಹಲಸಿನಕಾಯಿಯ ಹಾಗೆ ತಪ್ ಅಂತು. "ಮಧ್ಯದ ಬೆಸುಗೆ ಬಿಟ್ಟಿದೆ" ಅಂದರು. ಒಂದು ಕಣ್ಣು ಮುಚ್ಚಿ, ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದರು. ಒಳಗೆಲ್ಲ ತುಕ್ಕು ತಿಂದ ಗುಳಿ, ಸಿಡುಬು ಬಂದು ಹೋದ ಮುಖದ ಹಾಗೆ. ಆಮೇಲೆ ಹೆಬ್ಬೆರಳಿಗೆ ಎಣ್ಣೆ ಹಚ್ಚಿ ಹೊರಗಡೆ ಉಜ್ಜಿದರು. ಕೊಳೆಯ ಅಡಿಯಿಂದ ಹಾವಿನ ಮೈಯಂಥ ಸುರುಳಿ ಸುರುಳಿ ಗೆರೆ ಎದ್ದು ಬಂತು. ನಾನು ಐವತ್ತು ವರ್ಷದಿಂದ ನೋಡುತ್ತಿದ್ದ ಕೋವಿ, ಆ ಗೆರೆ ನೋಡಿದ್ದು ಅವತ್ತೇ ಮೊದಲು.

"ಡಮಾಸ್ಕಸ್ ನಳಿಗೆ. ಕಬ್ಬಿಣ, ಉಕ್ಕು ಎರಡನ್ನೂ ಹೆಣೆದು ಸುತ್ತಿದ್ದು. ಕರಿಮದ್ದಿನ ಕಾಲದ್ದು. ಈಗಿನ ತೋಟಾ ಹಾಕಿ ಹೊಡೆದ್ರೆ ನಿಮ್ಮ ಎಡಗೈಗೆ ನಾನು ಜವಾಬ್ದಾರನಲ್ಲ."

ಅಷ್ಟು ವರ್ಷ ನಾವು ಹಾಕಿದ್ದು ಈಗಿನ ತೋಟಾವನ್ನೇ. ಎಡಗೈ ಒಮ್ಮೆ ನೋಡಿಕೊಂಡೆ. ಇತ್ತು.

ಹಿಡಿ, ಬೆಸುಗೆ, ಎಡಗಡೆ ಕುದುರೆಯ (ಅಂದರೆ ತೋಟಾ ಸಿಡಿಸಲು ಬಡಿಯುವ ಸುತ್ತಿಗೆಯ) ಸ್ಪ್ರಿಂಗು, ಎಲ್ಲ ಸೇರಿ ಮೂವತ್ತೈದು ಸಾವಿರ. ಅಷ್ಟೆಲ್ಲ ಮಾಡಿಸಿದ ಮೇಲೂ ಈಗಿನ ತೋಟಾ ಹಾಕುವಂತಿಲ್ಲ. ಹಾಗಾದರೆ ರಿಪೇರಿ ಯಾಕೆ ಅಂತ ಕೇಳಿದೆ. "ಅದನ್ನ ನೀವು ಹೇಳ್ಬೇಕು" ಅಂದರು.

ಆ ಎಡಗಡೆ ಕುದುರೆಯ ವಿಷಯ ಹೇಳದೆ ಮುಂದೆ ಹೋಗಲಾರೆ.

ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು. ದೊಡ್ಡಪ್ಪ ತೀರಿಕೊಂಡದ್ದು ಕಕ್ಕಡ ತಿಂಗಳ, ಅಂದರೆ ಆಟಿಯ, ಮಳೆಯಲ್ಲಿ. ಹಾಸಿಗೆ ಹಿಡಿದವರಲ್ಲ, ಹಿಂದಿನ ದಿನ ಗದ್ದೆಗೆ ಇಳಿದು ಎಲ್ಲರನ್ನೂ ಬೈದು ಬಂದವರು. ಕರೆಂಟಿಲ್ಲ, ಫೋನಿಲ್ಲ. ಅವರ ಮಗ ಅಂಗಳಕ್ಕೆ ಇಳಿದು ಕೋವಿ ಎತ್ತಿದ. ಬಲ ನಳಿಗೆ ಢಂ ಅಂತು. ಎಡಗಡೆ ಟಿಕ್. ತೋಟಾ ಬದಲಾಯಿಸಿದ. ಟಿಕ್. ಬಲಕ್ಕೇ ಇನ್ನೊಂದು ಹಾಕಿ ಹೊಡೆಯೋ ಅಂದೆವು. ಕೇಳಲಿಲ್ಲ. ಅಪ್ಪನ ಹಟವೇ ಮಗನಿಗೂ. ಕುದುರೆಗೆ ಎಣ್ಣೆ ಬಿಟ್ಟ, ಊದಿದ, ಪಂಚೆಯಲ್ಲಿ ಒರೆಸಿದ. ಒಳಗೆ ಅಳುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಅಳು ನಿಲ್ಲಿಸಿ ಬಾಗಿಲಿಗೆ ಬಂದು ನಿಂತರು.

ಗದ್ದೆಯ ಆಚೆ ದಡದಲ್ಲಿ ದೊಡ್ಡಪ್ಪನ ಗೆಳೆಯರೊಬ್ಬರ ಮನೆ. ಅವರಿಗೆ ಕೇಳಿಸಿದ್ದು ಒಂದೇ ಗುಂಡು. ನಮ್ಮ ಮನೆಯ ಹೆಂಗಸರನ್ನೆಲ್ಲ ಬೆರಳು ಮಡಚಿ ಲೆಕ್ಕ ಹಾಕಿದ್ದಾರೆ, ಹೆರುವವರು ಯಾರೂ ಸಿಕ್ಕಿಲ್ಲ. ಬೆಂಗಳೂರಿನ ಸೊಸೆಯೇ ಇರಬೇಕು ಅಂತ ತೀರ್ಮಾನಿಸಿ, ಒಗೆದ ಅಂಗಿ ಹಾಕಿ, ಒಂದು ಬಾಟಲಿ ಹಿಡಿದು, ಕೊಡೆ ಬಿಚ್ಚಿ ಹೊರಟಿದ್ದಾರೆ. ನಾಟಿಯ ಹೊತ್ತು, ಬದುವೆಲ್ಲ ಜಾರುತ್ತದೆ. ಅರ್ಧ ಗದ್ದೆ ದಾಟಿರಬಹುದು, ಆಗ ನಮ್ಮವನು ಕೊನೆಗೂ ಸೋತು ಬಲ ನಳಿಗೆಯಿಂದಲೇ ಇನ್ನೊಂದು ಹಾರಿಸಿದ.

ಅವರು ಕಾಲಿನ ಜಿಗಣೆ ಕೀಳುತ್ತಾ, ಬಾಯ್ತುಂಬ ನಗುತ್ತಾ ಅಂಗಳಕ್ಕೆ ಬಂದು ಕೇಳಿದರು: "ಅವಳಿಯಾ?"

ಯಾರೂ ಮಾತಾಡಲಿಲ್ಲ. ಅವರು ಜಗಲಿ ನೋಡಿದರು. ಬಾಟಲಿ ಮೆಲ್ಲಗೆ ಮಡಚಿದ ಕೊಡೆಯೊಳಗೆ ಸೇರಿತು. ಆಮೇಲೆ ಅವರು ಅತ್ತ ಹಾಗೆ ನಮ್ಮಲ್ಲಿ ಯಾರೂ ಅಳಲಿಲ್ಲ. ಆದರೆ ಅದಕ್ಕೆ ಮೊದಲು ಒಂದು ಕ್ಷಣ ಯಾರೋ ಕಿಸಕ್ಕನೆ ನಕ್ಕರು. ಯಾರು ಅನ್ನುವುದು ಇವತ್ತಿಗೂ ಇತ್ಯರ್ಥವಾಗಿಲ್ಲ. ದೊಡ್ಡಮ್ಮ ಅಂತ ನನಗೆ ಗುಮಾನಿ.

ಈ ಕತೆ ಬಂದಾಗಲೆಲ್ಲ ನನ್ನ ಹೆಂಡತಿ ಒಂದು ಮಾತು ಸೇರಿಸುತ್ತಾಳೆ. "ನನ್ನ ಮಗಳು ಹುಟ್ಟಿದಾಗ ಎರಡೂ ಕುದುರೆ ಸರಿ ಇತ್ತಲ್ವಾ?" ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಒರೆಸುವ ಬಟ್ಟೆ ಹುಡುಕುತ್ತಾ ಒಳಗೆ ಹೋಗುತ್ತೇನೆ.

ಇರಲಿ, ಮೂವತ್ತೈದು ಸಾವಿರದ ಲೆಕ್ಕಕ್ಕೆ ಬರೋಣ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಕೋವಿಗೆ ಕಾಡಿನಲ್ಲಿ ಕೆಲಸವಿಲ್ಲ. ವರ್ಷಕ್ಕೊಮ್ಮೆ ಪೂಜೆ, ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ ಕದಿರು ಕೊಯ್ಯುವಾಗ ಒಂದು ಗುಂಡು. ಹಂದಿಗಳಿಗೂ ಇದು ಗೊತ್ತಿದೆ. ಅವು ಸಂಸಾರ ಸಮೇತ ಗದ್ದೆಗೆ ಬರುತ್ತವೆ, ನಾನು ಟಾರ್ಚ್ ಹಿಡಿದು ಡಬ್ಬ ಬಡಿಯುತ್ತೇನೆ. ನಮ್ಮದು ಜಮ್ಮಾ ಕೋವಿ, ವಂಶದ ಜಮೀನಿನ ಹಕ್ಕಿನ ಜೊತೆ ಬಂದದ್ದು; ಅದಕ್ಕೆ ಲೈಸೆನ್ಸಿನ ವಿನಾಯಿತಿ 2029ರ ಅಕ್ಟೋಬರ್ 31ರವರೆಗೆ ಇದೆ. ಹಂದಿಗೆ ಅಂಥ ಗಡುವೇನೂ ಇದ್ದ ಹಾಗಿಲ್ಲ.

ಕೊನೆಗೆ ಹಿಡಿಯನ್ನಾದರೂ ನಾನೇ ಮಾಡಿಸೋಣ ಅಂದುಕೊಂಡೆ. ಹೋದ ಮಳೆಗಾಲ ತೋಟದಲ್ಲಿ ಒಂದು ಬೀಟೆ ಮರ ಬಿದ್ದಿದೆ. ವಿಚಾರಿಸಿದೆ. ಅದರಿಂದ ಒಂದು ಮೊಳ ತುಂಡು ತೆಗೆಯಲು ಬೇಕಾದ ಕಾಗದ, ಕೋವಿ ಇಟ್ಟುಕೊಳ್ಳಲು ಬೇಕಾದ ಕಾಗದಕ್ಕಿಂತ ಜಾಸ್ತಿ. ಗೆದ್ದಲಿಗೆ ಮಾತ್ರ ಯಾವ ಅರ್ಜಿಯೂ ಬೇಡ. ಅದು ಆಗಲೇ ಶುರು ಮಾಡಿದೆ.

ನಿನ್ನೆ ಪೇಟೆಯಿಂದ ತಾಮ್ರದ ತಂತಿ ತಂದೆ, ಎರಡು ಮೀಟರ್. ಸುತ್ತುತ್ತಾ ಕೂತಿದ್ದಾಗ ಬಾವನ ಫೋನು. ಏನು ತೀರ್ಮಾನ ಮಾಡಿದ್ರಿ ಅಂತ ಕೇಳಿದರು. ಪೂಜೆಗೆ ನಳಿಗೆಗೆ ಸಿಕ್ಕಿಸಲು ತೋಕ್ ಪೂ, ಅದೇ ಕೋವಿ ಹೂ, ಬೇಕು, ಬೇಲಿಯಲ್ಲಿ ಈ ವರ್ಷ ಒಂದೂ ಕಾಣ್ತಿಲ್ಲ, ನಿಮ್ಮ ಕಡೆ ಅರಳಿದ್ಯಾ ಅಂತ ನಾನು ಕೇಳಿದೆ.